ಇಂಟರ್‌ವಲ್ ಆದಮೇಲೆ ಬಂದವಳು

ನಮ್ಮಕ್ಕ ಮೊಂಡಿ. ಇದನ್ನು ಹೊಗಳಿಕೆ ಎಂದೇ ಹೇಳುತ್ತಿದ್ದೇನೆ.

ಅವಳಿಗೆ ಪಂಚಪ್ರಾಣವಾಗಿದ್ದ ಸಿನಿಮಾ ಒಂದಿತ್ತು. ಅದರ ಮೊದಲರ್ಧವನ್ನು ಮಾತ್ರ ಅವಳು ನೋಡಿರಲಿಲ್ಲ. ಅಮ್ಮ ಥಿಯೇಟರಿನಲ್ಲಿ ಟಾರ್ಚು ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದಳು. ಶಾಲೆ ಬಿಟ್ಟಮೇಲೆ ನಾವಿಬ್ಬರೂ ಸೈಕಲ್ ಸ್ಟ್ಯಾಂಡಿನಲ್ಲಿ ಕಾಯಬೇಕು. ಇಂಟರ್‌ವಲ್ ಮುಗಿದು, ಇನ್ನು ಟಿಕೆಟ್ಟಿನವರು ಯಾರೂ ಬರುವುದಿಲ್ಲ ಎಂದಾದಮೇಲೆ ಅಮ್ಮ ಬಾಗಿಲ ಪರದೆ ಸರಿಸಿ ನಮ್ಮನ್ನು ಒಳಗೆ ಬಿಡುತ್ತಿದ್ದಳು.

“ಬಾಗ್ಲ ಹತ್ರಾನೇ ಕೂತ್ಕೊಳ್ಳಿ. ಯಾರಾದ್ರೂ ಬಂದು ನಿಂತ್ರೆ ಮಾತಾಡ್ದೆ ಎದ್ದುಬಿಡಿ.”

ಹೀಗಾಗಿ ನಮ್ಮ ಪಾಲಿಗೆ ಸಿನಿಮಾ ಎಂದರೆ ನಡುವಿನಿಂದಲೇ ಶುರು. ನಾನು ತೂಕಡಿಸುತ್ತಿದ್ದೆ. ಅಕ್ಕ ಕಣ್ಣು ಮಿಟುಕಿಸದೆ ನೋಡಿ, ಕಾಣದ ಅರ್ಧವನ್ನು ಮನೆಗೆ ಬರುವ ದಾರಿಯಲ್ಲಿ ತಾನೇ ಕಟ್ಟಿ ನನಗೆ ಹೇಳುತ್ತಿದ್ದಳು.

ಆ ಸಿನಿಮಾದಲ್ಲಿ ದೊಡ್ಡ ಮನೆಯ ಅಡುಗೆಯವಳೊಬ್ಬಳಿದ್ದಳು. ನಾವು ಒಳಗೆ ಹೋಗುವ ಹೊತ್ತಿಗೆ ಮನೆಮಂದಿಯೆಲ್ಲ ಸುತ್ತುವರಿದು ಅವಳನ್ನು ಬೈಯುತ್ತಿರುತ್ತಾರೆ. ಅವಳು ತಲೆ ತಗ್ಗಿಸುವುದಿಲ್ಲ. ಹಿಂಬಾಗಿಲು ತೋರಿಸಿದರೆ, ಒದ್ದೆ ಕೈ ಒರೆಸಿಕೊಂಡು, ಹಜಾರ ದಾಟಿ, ಮುಂಬಾಗಿಲಿನಿಂದಲೇ ಹೊರಟುಹೋಗುತ್ತಾಳೆ. ಆಮೇಲೂ ಹಾಡು, ಮದುವೆ ಗಿದುವೆ ಎಂದು ಸಿನಿಮಾ ನಡೆಯುತ್ತದೆ. ಅಕ್ಕನಿಗೆ ಅದರ ಗೊಡವೆ ಇರಲಿಲ್ಲ. ಆ ನಡಿಗೆಯನ್ನು ಅವಳು ಮನೆಯಲ್ಲಿ ಎಷ್ಟು ಸಲ ನಡೆದು ತೋರಿಸಿದ್ದಾಳೋ. ನಮ್ಮ ಮನೆಗೆ ಇದ್ದದ್ದೇ ಒಂದು ಬಾಗಿಲು, ಅದು ಬೇರೆ ಮಾತು.

ಅಕ್ಕ ಯೂನಿವರ್ಸಿಟಿ ಸೇರಿದಳು. ನಮ್ಮಲ್ಲಿ ಅಷ್ಟು ಓದಿದವರು ಯಾರೂ ಇರಲಿಲ್ಲ. ಅಲ್ಲಿ ಮೇಡಂ ಯಾವುದೋ ಹೆಸರು ಹೇಳಿದರೆ ಎಲ್ಲರೂ ಗೊತ್ತಿದ್ದವರ ಹಾಗೆ ತಲೆಯಾಡಿಸುತ್ತಿದ್ದರಂತೆ, ಇವಳೂ ಆಡಿಸುತ್ತಿದ್ದಳಂತೆ. ಕೂರುವುದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ. ಲೈಬ್ರರಿಯಲ್ಲಿ ಯಾರಾದರೂ ಹತ್ತಿರ ಬಂದು ನಿಂತರೆ ಸಾಕು, ಪುಸ್ತಕ ಬಾಚಿಕೊಂಡು ಎದ್ದುಬಿಡುತ್ತಿದ್ದಳು.

“ಎದ್ದೇಳು ಅಂತ ಅವರೇನಾದ್ರೂ ಅಂದ್ರಾ?” ಎಂದೆ.

“ಇಲ್ಲ ಕಣೇ. ಕಾಲು ತಾನಾಗೇ ಏಳುತ್ತೆ.”

ನನಗೆ ಮೈ ಉರಿದುಹೋಯಿತು.

ಒಂದು ದಿನ ಕ್ಲಾಸಿನಲ್ಲಿ ಮೆಚ್ಚಿನ ಸಿನಿಮಾದ ಬಗ್ಗೆ ಮಾತಾಡುವ ಸರದಿ ಇವಳಿಗೆ ಬಂತು. ಅಂತೂ ತನಗೆ ಗೊತ್ತಿರುವುದೊಂದು ಸಿಕ್ಕಿತಲ್ಲ ಎಂದು ಅಕ್ಕ ಆ ಅಡುಗೆಯವಳನ್ನು ನಾಯಕಿ, ನಾಯಕಿ ಎಂದು ಮನಸಾರೆ ಹೊಗಳಿದಳು. ಮುಂದಿನ ಬೆಂಚಿನ ಹುಡುಗನೊಬ್ಬ ಕೈ ಎತ್ತಿದ.

“ಅವಳು ವಿಲನ್ ಅಲ್ವಾ? ನಂಬಿ ಬೀಗದ ಕೈ ಕೊಟ್ಟವರ ಮನೇಲೇ ಒಡವೆ ಕದೀತಾಳಲ್ಲ, ಮೊದಲರ್ಧದಲ್ಲಿ?”

ಕ್ಲಾಸಿಗೆ ಕ್ಲಾಸೇ ನಕ್ಕಿತು. ಪೂರ್ತಿ ನೋಡಿಕೊಂಡು ಬಂದು ಮಾತಾಡಿ ಎಂದರು ಮೇಡಂ.

ಅಕ್ಕ ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಎಸೆದಳು. “ನಾಳೆಯಿಂದ ಹೋಗಲ್ಲ. ಅವರೆಲ್ಲ ಮೊದಲಿಂದ ನೋಡ್ಕೊಂಡು ಬಂದವರು. ನಾನು ಅಲ್ಲೂ ಇಂಟರ್‌ವಲ್ ಆದ್ಮೇಲೆ ನುಗ್ಗಿದವಳು.”

ಅಮ್ಮ ಬಟ್ಟೆ ಮಡಿಸುತ್ತಿದ್ದಳು, ಮಡಿಸುತ್ತಲೇ ಇದ್ದಳು. ಆಮೇಲೆ, “ಭಾನುವಾರ ಬೆಳಗ್ಗೆ ಹಳೇ ಸಿನಿಮಾ ಹಾಕ್ತಾರೆ. ಮ್ಯಾನೇಜರ ತಲೆ ತಿಂದು ಅದನ್ನೇ ಹಾಕಿಸ್ತೀನಿ. ಟಿಕೆಟ್ ತಗೊಂಡು ಬಾ. ಸುಮ್ನೆ ಒಳಗೆ ಬಿಡಲ್ಲ,” ಎಂದಳು.

ಭಾನುವಾರ ಅಮ್ಮ ನಮ್ಮ ಟಿಕೆಟ್ಟು ಹರಿದು, ಗುರುತು ಪರಿಚಯ ಇಲ್ಲದವಳ ಹಾಗೆ, “ಈ ಕಡೆ ಬನ್ನಿ” ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಟಾರ್ಚಿನ ಬೆಳಕಿನ ಹಿಂದೆ ಹೋಗಿ ನಟ್ಟನಡುವಿನ ಸೀಟಿನಲ್ಲಿ ಕೂತಳು.

ಹುಡುಗ ಹೇಳಿದ್ದು ನಿಜ. ಅಡುಗೆಯವಳು ಕದ್ದಳು. ಅಕ್ಕ ಇಷ್ಟು ವರ್ಷ ಕಟ್ಟಿದ್ದ ಕಥೆಯಲ್ಲಿ ಅವಳು ನಿರಪರಾಧಿ, ಅದೆಲ್ಲ ಮಣ್ಣುಪಾಲಾಯಿತು. ಅಕ್ಕ ಅಳುತ್ತಾಳೇನೋ ಎಂದು ನನಗೆ ಭಯವಾಯಿತು. ಅವಳು ಮುಂದಕ್ಕೆ ಬಾಗಿ ನೋಡುತ್ತಿದ್ದಳು. ಪರದೆಯ ಮೇಲೆ ಆ ಹೆಂಗಸು ತಟ್ಟೆ ತರುತ್ತಿದ್ದಳು, ಒಯ್ಯುತ್ತಿದ್ದಳು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ.

ಇಂಟರ್‌ವಲ್ ದೀಪ ಹತ್ತಿತು. “ಕಳ್ಳೀನೇ ಕಣೇ,” ಎಂದಳು ಅಕ್ಕ.

“ಹಾಗಾದ್ರೆ?”

“ಹಾಗಾದ್ರೆ ಏನು? ಕಳ್ಳಿ ಮುಂಬಾಗಿಲಿಂದ ಹೋಗಬಾರ್ದಾ?”

ಮರುದಿನ ಕ್ಲಾಸಿನಲ್ಲಿ ತಾನೇ ಎದ್ದು ಎಲ್ಲರ ಮುಂದೆ ಹೋಗಿ ನಿಂತಳಂತೆ. “ಪೂರ್ತಿ ನೋಡಿದೆ. ಅವಳು ಕದ್ದಿದ್ದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು. ಆದ್ರೂ ನನಗೆ ಇಷ್ಟವಾದವಳು ಅವಳೇ. ತಪ್ಪು ಮಾಡಿದವಳೂ ತಲೆ ಎತ್ತಿ ನಡೀಬಹುದು ಅಂತ ನನಗೆ ತೋರಿಸಿಕೊಟ್ಟಿದ್ದು ಅವಳು.” ಒಂದಿಬ್ಬರು ನಕ್ಕರು. ಮೇಡಂ ನಗಲಿಲ್ಲ.

ಮಾತು ಮುಗಿಸಿದ ಅಕ್ಕ ಬಾಗಿಲ ಕಡೆ ಹೋಗದೆ ಮುಂದಿನ ಬೆಂಚಿನಲ್ಲೇ ಕೂತಳು. ಆ ಹುಡುಗ ಅವತ್ತು ತಡವಾಗಿ ಬಂದ. ಬಂದವನು ಅವಳ ಮುಂದೆ ನಿಂತ.

“ದಿನಾ ನಾನು ಕೂರೋ ಜಾಗ ಇದು.”

ಕಾಲು ಎದ್ದೇಬಿಡುತ್ತಿತ್ತಂತೆ. ಅಕ್ಕ ಎರಡೂ ಕೈಯಲ್ಲಿ ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

“ಪಕ್ಕದಲ್ಲಿ ಖಾಲಿ ಇದೆ,” ಎಂದಳು. “ಬನ್ನಿ, ಕೂತ್ಕೊಳ್ಳಿ.”