ಹ್ವಾಯ್ ಕಾಣಿ ಎಂಬ ವೈಫೈ

ಇದು ೨೦೨೩ರ ನವೆಂಬರಿನ ಮಾತು. ಕುಂದಾಪುರದ ಒಂದು ಇಂಟರ್ನೆಟ್ ಸಂಸ್ಥೆಯಲ್ಲಿ ನಾನು ಸರ್ವಿಸ್ ಟೆಕ್ನಿಷಿಯನ್. ದಕ್ಷಿಣಕ್ಕೆ ಬ್ರಹ್ಮಾವರ, ಉತ್ತರಕ್ಕೆ ಬೈಂದೂರು. ಇವೆರಡರ ನಡುವೆ ಯಾರ ಮನೆಯ ನೆಟ್ ನಿಂತರೂ ಸ್ಕೂಟರ್ ಹತ್ತಿ ಹೊರಡುವುದು ನನ್ನ ಕೆಲಸ. ಅದಕ್ಕೂ ಮೊದಲು ಹನ್ನೊಂದು ವರ್ಷ ಅದೇ ಆಫೀಸಿನಲ್ಲಿ ದೂರು ಕೇಳುವ ಫೋನಿನ ಮುಂದೆ ಕೂತಿದ್ದೆ. ಕೂತು ಕೂತು ಬೆನ್ನು ಹಿಡಿದ ಮೇಲೆ, ನಲವತ್ತಾರನೆಯ ವಯಸ್ಸಿನಲ್ಲಿ, ಹೊರಗಿನ ಕೆಲಸ ಕೇಳಿ ಪಡೆದೆ.

ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಟೆಸ್ಟರ್, ಒಂದು ಮಾರು ಕೇಬಲ್, ನೀರಿನ ಬಾಟಲಿ, ಬುತ್ತಿ ಮತ್ತು ನೋಟ್‌ಬುಕ್ ಇರುತ್ತವೆ. ಮಧ್ಯಾಹ್ನದ ಊಟ ತಲ್ಲೂರಿನ ಬಸ್ ತಂಗುದಾಣದಲ್ಲೋ ಕುಂಭಾಶಿಯ ಬಳಿ ಯಾವುದಾದರೂ ಮರದ ನೆರಳಿನಲ್ಲೋ ಆಗುತ್ತದೆ. ಇಡೀ ದಿನ ಇನ್ನೊಬ್ಬರ ಮನೆಯೊಳಗೇ ಇರುತ್ತೇನೆ. ಅವರ ಪಾಸ್‌ವರ್ಡ್ ನನಗೆ ಗೊತ್ತಾಗುತ್ತದೆ, ಅದರಲ್ಲಿ ಮಗುವಿನ ಹುಟ್ಟಿದ ದಿನ ಅಡಗಿರುವುದೂ ಗೊತ್ತಾಗುತ್ತದೆ. ನನ್ನ ಹೆಸರು ಮಾತ್ರ ಅವರಿಗೆ ಗೊತ್ತಿರುವುದಿಲ್ಲ. ಎಲ್ಲರಿಗೂ ನಾನು 'ನೆಟ್ಟಿನ ಅಕ್ಕ'. ಇದನ್ನು ದೂರು ಎಂದು ಹೇಳುತ್ತಿಲ್ಲ. ಕೆಲಸ ಇರುವುದೇ ಹಾಗೆ.

ಆ ಸೋಮವಾರ ಬಂದ ದೂರು ಬಸ್ರೂರಿನದು. 'ನೆಟ್ ಸರಿ ಇದೆ, ಬಲ್ಬುಗಳು ಕನೆಕ್ಟ್ ಆಗುತ್ತಿಲ್ಲ' ಎಂದಷ್ಟೇ ಬರೆದಿತ್ತು. ನಮ್ಮ ಕೆಲಸ ರೌಟರ್ ತನಕ. ಗಿರಾಕಿ ಕೊಂಡ ಬಲ್ಬಿಗೆ ನಾವು ಜವಾಬ್ದಾರರಲ್ಲ. ಆದರೂ ಹೋದೆ.

ಹೊಳೆಬದಿಯ ಚಿಕ್ಕ ಮನೆ. ಜಗಲಿಯಲ್ಲಿ ಒಬ್ಬರು ಕೂತು ಬಲೆ ಕಟ್ಟುತ್ತಿದ್ದರು. ಕಣ್ಣು ಎತ್ತಲೋ ನೋಡುತ್ತಿತ್ತು, ಕೈ ಮಾತ್ರ ತಪ್ಪದೆ ಗಂಟು ಹಾಕುತ್ತಿತ್ತು.

"ಹ್ವಾಯ್, ಯಾರದ್?"

"ನೆಟ್ಟಿನವ್ಳ್."

"ಹೆಂಗ್ಸಿನ ಕಳ್ಸಿದ್ರಾ! ಒಳ್ಳೇದಾಯ್ತ್, ಬನಿ. ನಾನೂ ನೆಟ್ಟಿನವ್ನೇ ಕಾಣಿ," ಎಂದು ಮಡಿಲಿನ ಬಲೆಯನ್ನು ಎತ್ತಿ ತೋರಿಸಿದರು. "ನನ್ ನೆಟ್ಟಂಗೆ ಮೀನಾರೂ ಸಿಕ್ಕತ್ತ್. ನಿಮ್ಮದ್ರಂಗೆ ಒಂದ್ ಬಲ್ಬೂ ಸಿಕ್ಕುದಿಲ್ಲ."

ಅವರು ಶೀನಣ್ಣ. ಐವತ್ತೊಂಬತ್ತು ವರ್ಷ. ಇಪ್ಪತ್ತಾರು ವರ್ಷ ಮುಂಬೈಯ ಕ್ಯಾಂಟೀನೊಂದರಲ್ಲಿ ದುಡಿದು ಊರಿಗೆ ಬಂದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಹಗಲಿನಲ್ಲಿ ಆಕಾರಗಳು ಕಾಣುತ್ತವೆ, ಬೆಳಕು ಇಳಿದರೆ ಏನೂ ಇಲ್ಲ. ಹೆಂಡತಿ ಜಲಜಕ್ಕ ಬಸ್ರೂರಿನಲ್ಲಿ ಮನೆಮನೆಗೆ ಮೀನು ಮಾರುತ್ತಿದ್ದರಂತೆ. ತೀರಿಕೊಂಡು ಒಂದು ವರ್ಷವಾಗಿತ್ತು. ಉಡುಪಿಯಲ್ಲಿರುವ ಅಣ್ಣನ ಮಗಳು ಸುಮನ ಭಾನುವಾರ ಬಂದು ಹೋಗುತ್ತಾಳೆ. ಹಿಂದಿನ ತಿಂಗಳು ಶೀನಣ್ಣ ಸಂಜೆ ಸ್ವಿಚ್ ತಡಕುತ್ತಾ ಬಚ್ಚಲಿನ ಮೆಟ್ಟಿಲಲ್ಲಿ ಬಿದ್ದು ಹಣೆಗೆ ಹೊಲಿಗೆ ಬಿದ್ದಿತ್ತು. ಅದಕ್ಕೆ ಅವಳು ಮಾತು ಕೇಳುವ ಒಂದು ಸ್ಪೀಕರನ್ನೂ ನಾಲ್ಕು ಸ್ಮಾರ್ಟ್ ಬಲ್ಬನ್ನೂ ತಂದುಕೊಟ್ಟಿದ್ದಳು. ಬಾಯಲ್ಲಿ ಹೇಳಿದರೆ ದೀಪ ಹೊತ್ತಬೇಕು.

"ಇದ್ ಆಪ್ದಿಲ್ಲ ಅಂದ್ರೆ ಬಪ್ಪ ಆಯ್ತಾರ ಉಡುಪಿಗ್ ಹೊರಡ್ ಅಂದಿದ್ಲ್," ಎಂದರು ಶೀನಣ್ಣ. ಬರುವ ಭಾನುವಾರದೊಳಗೆ ದೀಪ ಸರಿಯಾಗದಿದ್ದರೆ ಅವಳ ಮನೆಗೇ ಹೋಗಿ ಇರಬೇಕು. "ಅವ್ಳ್ ಹೇಳೂದ್ ತಪ್ಪಲ್ಲ. ನಂಗ್ ಇಲ್ಲೇ ಇಪ್ಪುಕ್ ಮನ್ಸ್."

ಸ್ಪೀಕರ್ ಆಗಲೇ ಕನೆಕ್ಟ್ ಆಗಿತ್ತು. ಬಲ್ಬುಗಳು ಮಾತ್ರ ಇಲ್ಲ. ಇಂಥದ್ದರಲ್ಲಿ ನೂರಕ್ಕೆ ತೊಂಬತ್ತು ಪಾಲು ಕಾರಣ ಒಂದೇ. ಈಗಿನ ರೌಟರ್ ಎರಡು ದಾರಿಯಲ್ಲಿ ಸಿಗ್ನಲ್ ಬಿಡುತ್ತದೆ: ೨.೪ ಗಿಗಾಹರ್ಟ್ಸ್, ೫ ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ದೂರ ಹೋಗುತ್ತದೆ. ಎರಡನೆಯದು ವೇಗ, ಆದರೆ ಗೋಡೆ ದಾಟಲು ಸೋಲುತ್ತದೆ. ಅಗ್ಗದ ಬಲ್ಬಿಗೆ ಗೊತ್ತಿರುವುದು ೨.೪ ಒಂದೇ. ನಾನು ೫ನ್ನು ಬಂದ್ ಮಾಡಿದೆ. ಆಗಲಿಲ್ಲ. ಬಲ್ಬನ್ನು ಐದು ಸಲ ಆರಿಸಿ ಹೊತ್ತಿಸಿ ರೀಸೆಟ್ ಮಾಡಿದೆ. ಮಿಣುಕಿತು, ಹುಡುಕಿತು, ಸೋತಿತು. ಪಾಸ್‌ವರ್ಡ್ ಸರಿ ಇತ್ತು. ರೌಟರಿನ ಪಕ್ಕದಲ್ಲೇ ಬಲ್ಬ್ ಹಿಡಿದು ನೋಡಿದೆ. ಎರಡು ಗಂಟೆ ಹೋಯಿತು.

"ಮೀನ್ ಬಲಿ ಹತ್ರ ಬತ್ತ್, ಒಳ್ಗ್ ಬತ್ತಿಲ್ಲ," ಎಂದು ಶೀನಣ್ಣ ನಕ್ಕರು.

ಬಲ್ಬೇ ಕೆಟ್ಟಿರಬಹುದೆಂದು ಒಂದನ್ನು ಕೇಳಿ ತಂದೆ. ಸಂಜೆ ನನ್ನ ಮನೆಯ ನಡುಕೋಣೆಯ ಹೋಲ್ಡರಿಗೆ ಹಾಕಿ ನೋಡಿದರೆ ಮೊದಲ ಸಲಕ್ಕೇ ಕನೆಕ್ಟ್ ಆಯಿತು. ಒಬ್ಬಳಿಗೆ ಅಷ್ಟು ಬೆಳಕು ಯಾಕೆಂದು ಆರಿಸಿ ಕೂತು ಯೋಚಿಸಿದೆ. ಅದೇ ಕಂಪನಿಯ ರೌಟರ್, ಅದೇ ಸೆಟ್ಟಿಂಗ್. ಎರಡು ಮನೆಗೆ ವ್ಯತ್ಯಾಸ ಏನು? ನನ್ನ ವೈಫೈಯ ಹೆಸರು ಕಂಪನಿಯವರು ಹಾಕಿಕೊಟ್ಟ ಇಂಗ್ಲಿಷ್ ಅಕ್ಷರ ಮತ್ತು ನಂಬರು. ಶೀನಣ್ಣನ ಮನೆಯದು ಕನ್ನಡದಲ್ಲಿತ್ತು: 'ಹ್ವಾಯ್ ಕಾಣಿ'. 'ಏನ್ರೀ, ಇಲ್ನೋಡಿ' ಎಂದು ಕರೆಯಲು ನಮ್ಮ ಕುಂದಾಪುರದ ಕಡೆಯ ಮಾತು ಅದು. ಫೋನಿಗೆ, ಸ್ಪೀಕರಿಗೆ ಕನ್ನಡ ಅಕ್ಷರ ಓದಿ ಅಭ್ಯಾಸವಿದೆ. ಅಗ್ಗದ ಬಲ್ಬಿನೊಳಗಿನ ಚಿಪ್ಪಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಬಾರದು. ಹೆಸರೇ ಓದಲಾಗದಿದ್ದರೆ ಅದು ಯಾರ ಬಾಗಿಲು ತಟ್ಟಬೇಕು?

ಆ ಹೆಸರನ್ನು ನಾನು ನೋಡಿಲ್ಲವೆಂದಲ್ಲ. ನೋಡಿ, ನಕ್ಕು, ಸುಮ್ಮನಾಗಿದ್ದೆ. ನಮ್ಮ ಕಡೆ ವೈಫೈಗೆ ಜನ ಏನೇನೋ ಹೆಸರು ಇಡುತ್ತಾರೆ.

ಬುಧವಾರ ಹೋಗಿ ಹೆಸರನ್ನು SHEENA HOME ಎಂದು ಬದಲಿಸಿದೆ. ಅರ್ಧ ನಿಮಿಷದ ಕೆಲಸ. ಒಂಬತ್ತು ನಿಮಿಷದಲ್ಲಿ ನಾಲ್ಕೂ ಬಲ್ಬ್ ಕನೆಕ್ಟ್ ಆದವು. ಫೋನನ್ನೂ ಸ್ಪೀಕರನ್ನೂ ಹೊಸ ಹೆಸರಿಗೆ ಸೇರಿಸಿದೆ. ಸ್ಪೀಕರಿಗೆ ಹಿಂದಿ ಸರಿಯಾಗಿ ತಿಳಿಯುತ್ತಿತ್ತು. ಶೀನಣ್ಣ ಗಂಟಲು ಸರಿಮಾಡಿಕೊಂಡು "ಬತ್ತೀ ಜಲಾವೋ" ಎಂದರು. ಜಗಲಿ, ಅಡುಗೆಕೋಣೆ, ಒಳಕೋಣೆ, ಬಚ್ಚಲು ಒಟ್ಟಿಗೇ ಬೆಳಗಿದವು.

"ಮುಂಬೈಯಂಗೆ ಸೇಟ್ ನಂಗ್ ಹೇಳ್ತಿದ್ದ. ಈಗ ನಾ ಇದ್ಕ್ ಹೇಳೂದ್!"

ನೋಟ್‌ಬುಕ್ಕಿನಲ್ಲಿ 'ಬಸ್ರೂರು, ಮುಗಿಯಿತು' ಎಂದು ಬರೆದುಕೊಂಡು ಹೊರಟೆ.

ಶನಿವಾರ ಬೆಳಿಗ್ಗೆ ಬೈಂದೂರಿನಲ್ಲಿದ್ದಾಗ ಶೀನಣ್ಣನ ಫೋನ್ ಬಂತು. "ಅಕ್ಕ, ಆ ಬಲ್ಬ್ ನಂಗ್ ಬ್ಯಾಡ. ಮೊದ್ಲ್ ಇದ್ದ ಹಾಂಗೇ ಮಾಡಿ ಕೊಡಿ." ಕಾರಣ ಕೇಳುವಷ್ಟರಲ್ಲಿ ಫೋನ್ ಇಟ್ಟರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಅಷ್ಟು ದೂರ ಬಸ್ರೂರಿಗೆ ಬಂದೆ. ನಾಲ್ಕು ಬಲ್ಬುಗಳನ್ನೂ ಕಳಚಿ ಜಲಜಕ್ಕನ ಹಳೆಯ ಮೀನಿನ ಬುಟ್ಟಿಯಲ್ಲಿಟ್ಟು ಜಗಲಿಯಲ್ಲಿ ಕಾದು ಕೂತಿದ್ದರು. ಕಣ್ಣು ಕಾಣದವರು ಸ್ಟೂಲ್ ಹತ್ತಿ ಅದು ಹೇಗೆ ಕಳಚಿದರೋ.

"ಎಂತ ಆಯ್ತ್ ಶೀನಣ್ಣ? ಹೊತ್ಲಿಲ್ಯಾ?"

"ಹೊತ್ತತ್ತ್, ಲಾಯ್ಕ್ ಹೊತ್ತತ್ತ್." ಜೇಬಿನಿಂದ ಫೋನ್ ತೆಗೆದರು. ಕಣ್ಣು ಕಾಣದವರಿಗೆಂದು ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಫೋನಿನಲ್ಲಿ ಇರುತ್ತದೆ. ಸುಮನ ಅದನ್ನು ಕನ್ನಡದಲ್ಲಿ ಹಾಕಿಕೊಟ್ಟಿದ್ದಳು. ಶೀನಣ್ಣ ಬೆರಳು ಸವರಿ ವೈಫೈ ಗುರುತಿನ ಮೇಲೆ ನಿಲ್ಲಿಸಿದರು. ಹೆಣ್ಣುದನಿಯೊಂದು ಹೇಳಿತು: "ವೈಫೈ. ಶೀನಾ ಹೋಮ್."

"ಕೇಂಡ್ರಿಯಾ?"

ನನಗೆ ಅರ್ಥವಾಗಲಿಲ್ಲ.

"ನನ್ ಹೆಂಡ್ತಿ ಮೂವತ್ತೊಂದೊರ್ಷ ನನ್ ಹೆಸ್ರ್ ಹೇಳಿದವ್ಳಲ್ಲ," ಎಂದರು. ನಮ್ಮ ಹಿಂದಿನವರಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಅದು ನನಗೂ ಗೊತ್ತಿದ್ದದ್ದೇ. "ಹೊಳಿ ಬದಿಯಿಂದ ಕರದ್ರೂ 'ಹ್ವಾಯ್ ಕಾಣಿ', ಊಟಕ್ಕ್ ಕರದ್ರೂ 'ಹ್ವಾಯ್ ಕಾಣಿ'. ನೆಟ್ ಹಾಕುಕ್ ಬಂದವ ಎಂತ ಹೆಸ್ರ್ ಇಡೂದ್ ಅಂದ್ ಕೇಂಡ. ನನ್ ಹೆಸ್ರ್ ಇಡ್ ಅಂದೆ. 'ನಾ ಹ್ಯಾಂಗ್ ಹೇಳೂದ್' ಅಂದ್ಲ್. ಕಡಿಗ್ ಅದನ್ನೇ ಬರ್ಸಿದ್ಲ್."

ಬಲೆಯ ನೂಲನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಈ ಫೋನ್ ದಿನಾ ಹಾಂಗೇ ಕರಿತಿತ್ತ್. ಸ್ವರ ಅವಳ್ದಲ್ಲ, ನಂಗ್ ಗೊತ್ತಿತ್ತ್. ಮಾತ್ ಅವಳ್ದೇ ಅಲ್ದಾ? ಈಗ ಶೀನಾ, ಶೀನಾ ಅಂತ್. ಯಾರೋ ಬ್ಯಾಂಕಿನವ್ರ್ ಕರ್ದ ಹಾಂಗ್."

"ಬಲ್ಬ್ ತೆಗದ್ರೆ ನಾಳೆ ಸುಮನಂಗ್ ಎಂತ ಹೇಳ್ತ್ರಿ?"

"ಎಂತ ಹೇಳೂದ್, ಉಡುಪಿಗ್ ಹೋಪುದ್." ಗೋಡೆಯ ಮೇಲಿನ ರೌಟರ್ ಕಡೆ ಅಂದಾಜಿನಲ್ಲಿ ಕೈ ತೋರಿಸಿದರು. "ಈ ಡಬ್ಬಿ ತಕಂಡ್ ಹೋಪುಕ್ ಆತ್ತಾ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅರ್ಧ ನಿಮಿಷದಲ್ಲಿ ನಾನು ಅಳಿಸಿದ್ದು ಏನೆಂದು ಆಗ ತಿಳಿಯಿತು. ಲ್ಯಾಪ್‌ಟಾಪ್ ತೆರೆದು ಕೂತೆ.

ಮೊದಲು ೫ ಗಿಗಾಹರ್ಟ್ಸಿಗೆ ಕನ್ನಡ ಹೆಸರು, ೨.೪ಕ್ಕೆ ಇಂಗ್ಲಿಷ್ ಹೆಸರು ಇಟ್ಟು ನೋಡಿದೆ. ಶೀನಣ್ಣನ ಹಳೆಯ ಫೋನಿಗೆ ೫ ಕಾಣುವುದೇ ಇಲ್ಲ. ಮತ್ತೆ ಹುಡುಕಿದಾಗ ಆ ರೌಟರಿನ ಮೆನುವಿನ ತಳದಲ್ಲಿ ಗೆಸ್ಟ್ ನೆಟ್‌ವರ್ಕ್ ಸಿಕ್ಕಿತು. ಮನೆಗೆ ಬಂದ ನೆಂಟರಿಗೆಂದು ಅದೇ ಡಬ್ಬಿಯಿಂದ ಕೊಡಬಹುದಾದ ಎರಡನೆಯ ವೈಫೈ ಅದು. ಬಲ್ಬುಗಳನ್ನು ನೆಂಟರೆಂದು ಆ ಬದಿಗೆ ಕೂರಿಸಿದರೆ ಮನೆಯ ಹೆಸರನ್ನು ಮುಟ್ಟಬೇಕಾಗಿಲ್ಲ. ಬುಧವಾರವೇ ಇದು ಹೊಳೆಯಬೇಕಿತ್ತು. ಬುಧವಾರ ನಾನು ಕೇಳಿರಲಿಲ್ಲ, ಹಾಗಾಗಿ ಹುಡುಕಿಯೂ ಇರಲಿಲ್ಲ.

ಹಳೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದೆ. ವೈಫೈ ಹೆಸರಿಗೆ ಇರುವ ಜಾಗ ಮೂವತ್ತೆರಡು ಬೈಟ್; ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಅದಕ್ಕೆ ಹಚ್ಚುವ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು. 'ಹ್ವಾಯ್ ಕಾಣಿ' ನಡುವಿನ ಖಾಲಿ ಜಾಗವೂ ಸೇರಿ ಮೂವತ್ತೊಂದು. ಜಲಜಕ್ಕ ಇನ್ನೊಂದೇ ಅಕ್ಷರ ಜಾಸ್ತಿ ಕರೆದಿದ್ದರೂ ಹಿಡಿಸುತ್ತಿರಲಿಲ್ಲ.

ರೌಟರ್ ಆರಿ ಹೊತ್ತಿತು. ಶೀನಣ್ಣ ಫೋನ್ ಕೈಯಲ್ಲಿ ಹಿಡಿದು ಕಾದರು. ಬೆರಳು ಸವರಿದರು.

"ವೈಫೈ. ಹ್ವಾಯ್ ಕಾಣಿ."

"ಓ," ಎಂದರು ಶೀನಣ್ಣ. ಒಳಗಿನಿಂದ ಯಾರಾದರೂ ಕರೆದರೆ ಓಗೊಡುವ ಹಾಗೆ, ಅಷ್ಟೇ. ಅದು ನನಗೆ ಹೇಳಿದ್ದಲ್ಲವಾದ್ದರಿಂದ ನಾನು ಸ್ಕ್ರೀನ್ ನೋಡುತ್ತಾ ಕೂತೆ.

ಗೆಸ್ಟ್ ನೆಟ್‌ವರ್ಕಿಗೆ ಒಂದು ಹೆಸರು ಬೇಕಿತ್ತು. ಈ ಸಲ ಕೇಳಿದೆ: "ಬಲ್ಬಿನ ಬದಿಗ್ ಎಂತ ಹೆಸ್ರ್ ಇಡೂದ್ ಶೀನಣ್ಣ? ಇಂಗ್ಲಿಷಂಗೆ ಇರ್ಕ್."

"ನಿಮ್ ಹೆಸ್ರೆಂತ ಅಕ್ಕ?"

"ಲಲಿತ."

"ಹಾಂಗಾರೆ ಅದನ್ನೇ ಇಡಿ. ಬೆಳ್ಕ್ ಕೊಟ್ಟವ್ರ್ ನೀವೇ ಅಲ್ದಾ."

LALITHA ಎಂದು ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿ ಎರಡನೆಯ ಸಲ ಬರೆಯಬೇಕಾಯಿತು. ಬುಟ್ಟಿಯ ಬಲ್ಬುಗಳನ್ನು ಒಂದೊಂದಾಗಿ ಹಾಕಿ, ಸ್ಪೀಕರನ್ನು ಹಳೆಯ ಹೆಸರಿಗೆ ಸೇರಿಸಿ, ಶೀನಣ್ಣನ ಮಾತಿಗೆ ನಾಲ್ಕೂ ಹೊತ್ತುವುದನ್ನು ನೋಡಿ ಹೊರಟೆ. ಮರುದಿನ ಸುಮನ ಬಂದು ನೋಡಿ ಒಬ್ಬಳೇ ಉಡುಪಿಗೆ ಮರಳಿದಳಂತೆ. ಶೀನಣ್ಣ ಈಗಲೂ ಅದೇ ಜಗಲಿಯಲ್ಲಿ ಬಲೆ ಕಟ್ಟುತ್ತಾರೆ.

ಬಸ್ರೂರಿನ ಕಡೆ ಕೆಲಸವಿದ್ದರೆ ಆ ಮನೆಯ ಎದುರು ಸ್ಕೂಟರ್ ನಿಲ್ಲಿಸಿ ಫೋನ್ ನೋಡುತ್ತೇನೆ. ವೈಫೈಗಳ ಪಟ್ಟಿಯಲ್ಲಿ ಎರಡು ಹೆಸರು ಒಂದರ ಕೆಳಗೊಂದು ಕಾಣುತ್ತವೆ. ನನ್ನ ಮನೆಯ ವೈಫೈಗೆ ಇವತ್ತಿಗೂ ಕಂಪನಿ ಕೊಟ್ಟ ನಂಬರೇ ಇದೆ. ಬದಲಿಸಲು ಅರ್ಧ ನಿಮಿಷ ಸಾಕು. ಏನೆಂದು ಕರೆಯಬೇಕೆಂದು ಹೇಳುವವರಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ರೀಸೆಟ್ ಮಾಡುವುದನ್ನು ಕಲಿಸುವ ಮೊದಲು ಒಂದು ಪ್ರಶ್ನೆ ಕಲಿಸುತ್ತೇನೆ. ಹೆಸರು ಎಷ್ಟೇ ತಮಾಷೆಯಾಗಿರಲಿ, ಎಷ್ಟೇ ತಪ್ಪಾಗಿ ಬರೆದಿರಲಿ, ಅಳಿಸುವ ಮುಂಚೆ ಮನೆಯವರ ಎದುರು ಕೂತು ಕೇಳಿ: "ಈ ಹೆಸ್ರ್ ಇಟ್ಟದ್ ಯಾರ್?"