ಇತರೆ ವಿಷಯ ಮತ್ತು ಕೊನೆಯ ಬಸ್ಸು

ಸ್ನೇಹಿತರೇ, ಯಲ್ಲಾಪುರ ಕಡೆಯ ನಮ್ಮ ಪಂಚಾಯತಿ ಸಭೆಯಿಂದ ಈಗಷ್ಟೇ ಬಂದೆ. ಪಕ್ಕದ ಕುರ್ಚಿಯ ಸದಸ್ಯೆ, ಸಿದ್ದಿಯರ ಕೇರಿಯ ಸಾವಿತ್ರಿ, ಅಲ್ಲಿನ ಹಳ್ಳ ದಾಟಲೊಂದು ಕಾಲುಸಂಕ ಕೇಳಲು ಗೆದ್ದ ದಿನದಿಂದ ಕಾಯುತ್ತಿದ್ದಾಳೆ. ಅದು ಚರ್ಚೆಗೆ ಬರುವುದು ಪ್ರತಿ ಸಭೆಯಲ್ಲೂ ಕಟ್ಟಕಡೆಯ ‘ಇತರೆ ವಿಷಯ’ದಲ್ಲಿ. ಅಷ್ಟರೊಳಗೆ ಅವಳೂರಿನ ಕೊನೆಯ ಬಸ್ಸು ಬಂದುಬಿಡುತ್ತದೆ.

“ಇವತ್ತು ನಂದು ಮೊದ್ಲು ತಗಳಿ,” ಎಂದಳು.

“ಎಲ್ಲ ಕ್ರಮ ಪ್ರಕಾರ ಬರ್ಲಿ ತಂಗಿ,” ಎಂದರು ಅಧ್ಯಕ್ಷರು.

ಹಾರನ್ ಕೇಳಿಸಿತು. “ಒಂದ್ಸಲ ಆದ್ರೂ ನನ್ನ ಬಾಯಿಂದ್ಲೇ ಹೇಳ್ಬೇಕು ಅಂತ ಆಸೆ ಅಕ್ಕಾ,” ಎನ್ನುತ್ತಾ ಎದ್ದಳು. ಬಸ್ಸಿನ ಕಿಟಕಿಯಿಂದಲೂ ಸಭೆಯ ಬಾಗಿಲನ್ನೇ ನೋಡುತ್ತಿದ್ದಳು.

ಕೊನೆಗೆ ಅವಳ ಪರವಾಗಿ ನಾನು ಕೇಳಿದೆ. “ಅವ್ರ ವಿಷಯ ಅವ್ರೇ ಹೇಳ್ಬೇಕು,” ಎಂದರು ಅಧ್ಯಕ್ಷರು. ಸಭೆ ಮುಗಿಸಿ, ಅವಳ ಕೇರಿಯ ದಾರಿಯಲ್ಲೇ, ಖಾಲಿ ಜೀಪಿನಲ್ಲಿ ಮನೆಗೆ ಹೋದರು.