ನಮ್ಮ ಮನೆಯ ತೋಪು

ಮೊನ್ನೆ ನಮ್ಮ ಮನೆಯ ತೋಪು ಕೀಳುವ ಮಾತು ಬಂತು.

ಹೆದರಬೇಡಿ. ತೋಪೆಂದರೆ ಗುಂಡು ಹಾರಿಸುವ ಫಿರಂಗಿಯಲ್ಲ, ಮಹಡಿಯ ಬಚ್ಚಲಿನಿಂದ ಅಂಗಳಕ್ಕಿಳಿಯುವ ಬೀಡುಕಬ್ಬಿಣದ ಪೈಪು. ಮಾವನವರು ಅದನ್ನು ಹೈದರಾಬಾದಿನಿಂದ ತರಿಸಿ ಬಂಡಿಯಿಂದ ಇಳಿಸಿದಾಗ ನಾರಾಯಣಪೇಟೆಯೇ ನಕ್ಕಿತ್ತು. “ರಾಯರು ತೋಪು ತಂದಾರ!” ಹೆಸರು ಅಂಟಿಕೊಂಡಿತು.

“ಹಳೇದಾತ್ರೀ ಅಕ್ಕಾರ. ಕಿತ್ತು ತಗಡಿಂದು ಹಾಕೋಣು, ಹಗುರ ಇರತೈತಿ,” ಎಂದ ಗೌಂಡಿ ಈರಪ್ಪ.

“ಒಂದು ಹನಿ ಸೋರಿಲ್ಲ, ತುಕ್ಕಿಗೆ ತೂತು ಬಿದ್ದಿಲ್ಲ. ಯಾಕ ಕೀಳ್ತಿ?” ಎಂದೆ. ನಿಜವಾದ ಕಾರಣ ಅವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಭಾರತದ ಸೈನ್ಯ ಬಂದು, ಪೋಲೀಸ್ ಆಕ್ಷನ್ ಮುಗಿದ ಆ ವಾರ ಊರಿನ ಗಾಳಿಯೇ ತಿರುಗಿತ್ತು. ನಿನ್ನೆಯವರೆಗೆ ನಿಜಾಮನ ರಜಾಕಾರ ದಂಡಿಗೆ ಹೆದರಿದ್ದವರು ಇಂದು ಬಡಿಗೆ ಹಿಡಿದಿದ್ದರು. ಪಕ್ಕದ ಮನೆಯ ಖತೀಜಾಬಿಯ ಗಂಡ ರಜಾಕಾರನೆಂದು ಯಾರೋ ಹಬ್ಬಿಸಿದರು. (ಗಡಿಯಾರ ರಿಪೇರಿಯವರು. ಅವರ ಕೈಯಲ್ಲಿ ಚಿಮಟಕ್ಕಿಂತ ದೊಡ್ಡ ಆಯುಧವನ್ನು ನಾನಂತೂ ಕಂಡಿಲ್ಲ.) ಅವರು ಗದ್ವಾಲಕ್ಕೆ ಹೋದವರು ಬಂದಿರಲಿಲ್ಲ. ಖತೀಜಾಳನ್ನು ನಮ್ಮ ಮಹಡಿಗೆ ಹತ್ತಿಸಿ, ಒಂದು ಕೊಡ ನೀರಿಟ್ಟು, ಹೊರಗಿನಿಂದ ಕೀಲಿ ಹಾಕಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲು ಬಡಿದರು. ಮಕ್ತಲ್ ಕಡೆಯ ಗಂಡಸರು. ಒಬ್ಬರ ಗುರುತೂ ಇಲ್ಲ.

“ನಿಮ್ಮನ್ಯಾಗ ತೋಪು ಐತಂತಲ್ರೀ?”

ನಗಬೇಕೋ, ಅಳಬೇಕೋ?

“ಐತಿ, ಬರ್ರಿ,” ಎಂದು ಅಂಗಳಕ್ಕೆ ಕರೆದೊಯ್ದೆ. “ಇದೇ ನೋಡ್ರಿ. ಬಚ್ಚಲ ನೀರು ಬಿಟ್ರ ಮತ್ತೇನೂ ಹಾರ್ಸೂದಿಲ್ಲ.”

ಎಲ್ಲರೂ ನಕ್ಕರು. ಬಡಿಗೆಯವನೊಬ್ಬ ಮಾತ್ರ ನಗಲಿಲ್ಲ. ತಲೆ ಎತ್ತಿದ. “ಮ್ಯಾಲ ಯಾರದಾರ?”

“ಯಾರೂ ಇಲ್ರಿ. ಕೀಲಿ ಹಾಕೇತಿ.”

“ಸುಮ್ನಿರ್ರಲೇ!” ಎಂದ ತನ್ನವರಿಗೆ. ಕಿವಿಗೊಟ್ಟು ನಿಂತರು. ನಾನು ಪೈಪಿಗೆ ಬೆನ್ನು ಕೊಟ್ಟೆ.

ಆಗ ನೆನಪಾಯಿತು. ಅದು ಅಸರ್ ನಮಾಜಿನ ಹೊತ್ತು! ಖತೀಜಾ ಊಟ ಬಿಟ್ಟಾಳು, ನಮಾಜು ಬಿಡುವವಳಲ್ಲ. ಅದಕ್ಕೆ ಮೊದಲು ಕೈಕಾಲು, ಮುಖ ತೊಳೆಯಲೇಬೇಕು.

ತೊಳೆದಳು.

ದಪ್ಪ ಬೀಡು, ಜೋಡಣೆಗೆಲ್ಲ ಕಾಸಿ ಸುರಿದ ಸೀಸ, ಬುಡ ನೇರ ನೆಲದೊಳಗೆ. ನೀರು ಇಳಿದದ್ದು ನನ್ನ ಬೆನ್ನಿಗೆ ತಿಳಿಯಿತು. ಅವರ ಕಿವಿಗೆ ತಿಳಿಯಲಿಲ್ಲ.

“ನಡೀರಲೇ,” ಎಂದ ಬಡಿಗೆಯವನು.

ಕೀಲಿ ತೆಗೆದಾಗ ಖತೀಜಾಳ ಮುಖ ಇನ್ನೂ ಒದ್ದೆ. “ಆಪಾ, ನೀರು ಹಾಕ್ಕೊಂಡ ಮ್ಯಾಲ ನೆನಪಾತು. ಸಪ್ಪಳ ಬಂತೇನು?”

“ಇಲ್ಲವ್ವಾ,” ಎಂದೆ. ಇಬ್ಬರೂ ಅಲ್ಲೇ ಕುಸಿದು ಕೂತೆವು.

ಈರಪ್ಪ ನಿನ್ನೆಯೂ ಬಂದಿದ್ದ. ಅದೇ ತಗಡಿನ ಪುರಾಣ. ಹಗುರವೇನೋ ಸರಿ, ಆದರೆ ಅಂಗಳದಲ್ಲಿ ಬಡಿಗೆ ಹಿಡಿದವರು ಕಿವಿಗೊಟ್ಟು ನಿಂತಾಗ, ತಗಡಿಗೆ ಬಾಯಿ ಮುಚ್ಚೆಂದು ಹೇಳುವವರು ಯಾರು?